ಗ್ರಂಥಋಣದಾಗ ಯಾರ ಹೆಸರು?

ನಮ್ಮ ಓಣಿಯೊಳಗ ಈಗ ಡಿಗ್ರಿ ಓದೋ ಹುಡುಗ್ಯಾರಿಗೆ ಕಡಿಮಿ ಇಲ್ರಿ. ಪ್ರಬಂಧ ಪೂರಾ ಬರದಿರ್ತಾರ, ಕಡೀ ಪುಟಕ್ಕ ಬಂದು ತಲಿ ಹಿಡಕೊಂಡು ಕೂಡ್ತಾರ. ಓದಿದ ಪುಸ್ತಕದ ಯಾದಿ ಬರೀಬೇಕಲ್ಲ! ಕನ್ನಡದಾಗ ಅದಕ್ಕ ಗ್ರಂಥಋಣ ಅಂತಾರ. ಎಷ್ಟು ಛಂದ ಶಬ್ದ ನೋಡ್ರಿ. ಯಾರ ಕಡಿಂದ ಏನು ತಗೊಂಡೆ ಅಂತ ಒಪ್ಕೊಳ್ಳೂದು. ಆದ್ರ ಹುಡುಗ್ಯಾರಿಗೆ ಅದು ಬರೇ ಕಾಮಾ, ಫುಲ್‌ಸ್ಟಾಪಿನ ಕಾಟ ಆಗೇದ. ನಾ ಹೇಳೂದು ಇಷ್ಟ: ಮದಲ ಹೆಸರು ಸರಿ ಇರ್ಲಿ, ಕಾಮಾ ಆಮ್ಯಾಲ.

ಕಾಲೇಜಿನಾಗ ಎಂಎಲ್‌ಎ, ಎಪಿಎ ಅಂತ ಎರಡು ಪದ್ಧತಿ ಹೇಳ್ತಾರ. ಎರಡೂ ಅಮೆರಿಕಾದ್ದು. ಎಪಿಎದಾಗ ಹೆಸರಿನ ಬೆನ್ನಿಗೇ ಇಸವಿ, ಎಂಎಲ್‌ಎದಾಗ ಪ್ರಕಾಶನದ ಹೆಸರಾದ ಮ್ಯಾಲ ಇಸವಿ. ಎರಡರಾಗೂ ಅಡ್ಡಹೆಸರು ಮದಲ. ನಮ್ಮ ಕಡೆಯವರದು ಸಸಾರ, 'ಕಾರ್ನಾಡ, ಗಿರೀಶ' ಅಂತ ಬರದ್ರ ಮುಗೀತು. ಅಡ್ಡಹೆಸರೇ ಇಲ್ಲದವರದು ಹೆಂಗ?

'ಫಣಿಯಮ್ಮ' ಬರದ ಎಂ.ಕೆ. ಇಂದಿರಾ ಅವರನ್ನ ತಗೋರಿ. 'ಎಂ' ಅಂದ್ರ ಮಂಡಗದ್ದೆ, ಊರು. 'ಕೆ' ಅಂದ್ರ ಕೃಷ್ಣರಾವ್, ಗಂಡನ ಹೆಸರು. ಅಡ್ಡಹೆಸರು ಹುಡುಕಿ ಹುಡುಕಿ 'ಕೃಷ್ಣರಾವ್' ಅಂತ ಮದಲ ಬರದ್ರ, ಕಾದಂಬರಿ ಬರದಾಕಿ ಹಿಂದ ಸರೀತಾಳ, ಗಂಡ ಮುಂದ ಬರ್ತಾನ! 'ಇಂದಿರಾ, ಎಂ.ಕೆ.' ಅಂತ ಬರೀರಿ, ಇ ಅಕ್ಷರದ ಕೆಳಗ ಇಡ್ರಿ. ತ್ರಿವೇಣಿ, ವೈದೇಹಿ ಹಂಗ ಕಾವ್ಯನಾಮ ಇದ್ರ ಪುಸ್ತಕದ ಮ್ಯಾಲ ಇದ್ದಂಗ ಅಷ್ಟ ಸಾಕು. ಹೆಣ್ಮಗಳು ಬರಿಯೋ ಹೆಸರದು, ಬದಲ ಮಾಡೋ ಹಕ್ಕು ನಮಗಿಲ್ಲ.

ಇನ್ನೊಂದು ಮಾತು. 1976ರಾಗ ಬಂದ ಆ ಕಾದಂಬರಿ ಎಲ್ಲಿಂದ ಬಂತು? ಬಾಲವಿಧವೆ ಆಗಿದ್ದ ಫಣಿಯಮ್ಮ ತನ್ನ ಬಾಳಿನ ಕತಿ ಇಂದಿರಾ ಅವರ ತಾಯಿ ಮುಂದ ಹೇಳಿದ್ದಳು. ತಾಯಿಯಿಂದ ಅದು ಮಗಳಿಗೆ ಬಂತು. ಅಂದ್ರ ಪುಸ್ತಕದ ಹಿಂದ ಬಾಯಿಮಾತು ಅದ. ಇವತ್ತೂ ನಮ್ಮ ಹುಡುಗ್ಯಾರು ಮದುವಿ ಹಾಡು, ಬಾಣಂತನ, ಬರಗಾಲದ ಮ್ಯಾಲ ಬರೀಬೇಕಾದ್ರ ಅಜ್ಜಿನ್ನ, ಬಾಜೂ ಮನಿ ಕಾಕೂನ್ನ ಕೇಳಿ ಬರ್ಕೊಂಡು ಹೋಗ್ತಾರ. ಯಾದ್ಯಾಗ ಮಾತ್ರ ಅಚ್ಚಾದ ಪುಸ್ತಕ ಅಷ್ಟ ಇರ್ತಾವ. ಇದು ನನಗ ಸರಿ ಅನಸೂದಿಲ್ಲ.

ಪದ್ಧತಿ ಒಳಗ ಜಾಗಾ ಇಲ್ಲೇನು? ಅದ. ಎಂಎಲ್‌ಎದಾಗ ಸಂದರ್ಶನ ಅಂತ ಹೇಳಿದವರ ಹೆಸರು, ತಾರೀಖು ಹಾಕಿ ಯಾದಿಗೇ ಸೇರಿಸಬಹುದು. ಎಪಿಎದಾಗ ಅದು ಕಡೀ ಯಾದಿಗೆ ಬರೂದಿಲ್ಲ, ಆದ್ರ ಪ್ರಬಂಧದ ಒಳಗ ಹೆಸರು, ತಾರೀಖು ಬರೀಬೇಕು. ಹಾಕೂಕಿಂತ ಮದಲ ಆಕಿನ್ನ ಒಂದು ಮಾತು ಕೇಳ್ರಿ. ಕೆಲವರಿಗೆ ಹೆಸರು ಬ್ಯಾಡ ಅನಸ್ತದ, ಅದೂ ಆಕಿ ಮರ್ಜಿ.

'ಮಾರ್ಕ್ಸ್ ಕೊಡೋರು ಕಾಮಾನೇ ನೋಡ್ತಾರ ಮಾಮಿ' ಅಂತಾರ ಹುಡುಗ್ಯಾರು. ನೋಡ್ಲಿ ಬಿಡ್ರಿ, ಅದನ್ನೂ ಸರಿ ಮಾಡೋಣ. ಪುಸ್ತಕ ಕೈಗೆ ಬಂದ ದಿನಾನೇ ಹೆಸರಿನ ಪುಟದ ಹಿಂದಿನ ಬದಿ ಫೋನಿನಾಗ ಫೋಟೋ ತಕ್ಕೋರಿ. ಪ್ರಕಾಶನ, ಊರು, ಎಷ್ಟನೇ ಮುದ್ರಣ, ಎಲ್ಲಾ ಅಲ್ಲೇ ಇರ್ತದ. ಹಂಗ ಮಾಡಿದ್ರ ಕಡೀ ರಾತ್ರಿ ಗ್ರಂಥಾಲಯದ ಬಾಗಿಲ ಬಡಿಯೂದು ತಪ್ಪತದ. ಎಐ ಕೊಟ್ಟ ಯಾದಿ ಹಂಗೇ ಅಂಟಿಸಬ್ಯಾಡ್ರಿ, ಜಗತ್ತಿನಾಗ ಇಲ್ಲದ ಪುಸ್ತಕದ ಹೆಸರೂ ಅದು ಹೇಳ್ತದ.

ತಾಯಂದಿರು ನಾವು ಮಾಡೂದು ಒಂದ ಅದ. ಮಗಳ ಪ್ರಬಂಧದಾಗ ಇಂಗ್ಲಿಷ್ ತಿಳೀಲಿಲ್ಲ ಅಂದ್ರೂ ಕಡೀ ಪುಟ ಓದಿಸ್ಕೋರಿ. 'ಇದನ್ನ ನಿನಗ ಹೇಳಿದಾಕಿ ಹೆಸರು ಎಲ್ಲಿ ಅದವಾ?' ಅಂತ ಕೇಳ್ರಿ.