ಹಿರಿಯರು ಹೋದ ಮೇಲೆ

ಗುಂಡ್ಲುಪೇಟೆಯ ಹಳೆಯ ವಿದ್ಯಾರ್ಥಿಯೊಬ್ಬ ಬರೆದಿದ್ದಾನೆ: ಮಗನ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡದ ಐವರಲ್ಲಿ ಮೂವರು ಪದವಿ ಮುಗಿಸಿ ಹೋದರಂತೆ, ಈ ವರ್ಷ ತಂಡವನ್ನೇ ಕಳುಹಿಸುವುದು ಬೇಡವೆನ್ನುತ್ತಿದ್ದಾರಂತೆ. ನನಗಿದು ಸರಿಕಾಣದು.

ಕುಂಬ್ಳೆ 2008ರಲ್ಲಿ, ದ್ರಾವಿಡ್ 2012ರಲ್ಲಿ ನಿವೃತ್ತರಾದಾಗ ಕರ್ನಾಟಕ ಕ್ರಿಕೆಟ್ಟಿನ ಕಥೆ ಮುಗಿಯಿತೆಂದು ನಾನೂ ನಿಟ್ಟುಸಿರಿಟ್ಟವನೇ. (ನನ್ನ ಭವಿಷ್ಯವಾಣಿಗಳ ಬೆಲೆ ನಿಮಗೆ ಗೊತ್ತೇ ಇದೆ!) ಆದರೆ 1998-99ರ ಬಳಿಕ ಕೈಗೆಟುಕದಿದ್ದ ರಣಜಿ ಟ್ರೋಫಿಯನ್ನು ವಿನಯ್ ಕುಮಾರ್ ನಾಯಕತ್ವದ ತಂಡ ಗೆದ್ದದ್ದು 2013-14ರಲ್ಲಿ. ಆ ಋತುವಿನಲ್ಲಿ ರಾಹುಲ್ 1033 ರನ್ ಗಳಿಸಿದರು. ಆಗಿನ್ನೂ ಹೊಸಬರಾಗಿದ್ದ ಕರುಣ್ ನಾಯರ್, ಮರುವರ್ಷದ ಫೈನಲ್‌ನಲ್ಲಿ ತಮಿಳುನಾಡಿನ ವಿರುದ್ಧ 328 ಬಾರಿಸಿದರು.

ಹನ್ನೊಂದರಲ್ಲಿ ಇಬ್ಬರು ಹೋದಂತಲ್ಲ, ಐವರಲ್ಲಿ ಮೂವರು ಹೋಗುವುದು, ಒಪ್ಪುತ್ತೇನೆ. ಈ ವರ್ಷ ಸೋಲು ಬಹುತೇಕ ಖಚಿತ. ಸೋಲಲಿ. ಎರಡು ವರ್ಷ ಬೆಂಚಿನ ಮೇಲೆಯೇ ಕುಳಿತ ಹುಡುಗರು ಇನ್ನೆಂದು ಆಡಬೇಕು?