ಹಾಲ್ ಟಿಕೆಟ್ಟಿಗೆ ಕನ್ನಡ ಬರುವುದಿಲ್ಲವೇ?



ಹೋದ ವರ್ಷ ಒಂದು ಶನಿವಾರ ರಾತ್ರಿ ಪ್ರೆಸ್ಸಿನ ಷಟರ್ ಎಳೆಯುತ್ತಿದ್ದೆ. ಪಕ್ಕದ ಹಳ್ಳಿಯ ಹುಡುಗನೊಬ್ಬ ಏದುಸಿರು ಬಿಡುತ್ತ ಬಂದ. "ಅಣ್ಣಾ, ಬೆಳಿಗ್ಗೆ ಎಕ್ಸಾಮ್ ಐತೆ, ಹಾಲ್ ಟಿಕೆಟ್ ತೆಗೆದುಕೊಡಣ್ಣ" ಅಂದ. ಗ್ಯಾರೇಜಿನಲ್ಲಿ ಕೆಲಸ, ಬೆರಳಿನ ಗ್ರೀಸ್ ಇನ್ನೂ ಹೋಗಿರಲಿಲ್ಲ. ಕೇಂದ್ರ ಸರ್ಕಾರದ ಒಂದು ಇಲಾಖೆಯ ಪರೀಕ್ಷೆ. ಯಾವ ಇಲಾಖೆ ಎಂದು ಬರೆಯುವುದಿಲ್ಲ, ಹುಡುಗ ಮುಂದೆಯೂ ಅದೇ ಪರೀಕ್ಷೆ ಕಟ್ಟಬೇಕು.

ನಂಬರು, ಜನ್ಮ ದಿನಾಂಕ ಹಾಕಿ ಕುಳಿತರೆ ಕಂಪ್ಯೂಟರಿನಲ್ಲಿ ಚಕ್ರ ತಿರುಗುತ್ತದೆ, ಪುಟ ತೆರೆಯುವುದಿಲ್ಲ. ಮುಕ್ಕಾಲು ಗಂಟೆಯ ಮೇಲೆ ತೆರೆಯಿತು. ಕಲರ್ ಪ್ರಿಂಟ್ ತೆಗೆದೆ. ಕೆಳಗೆ ಸಹಿಗೊಂದು ಚೌಕ, ಹೆಬ್ಬೆಟ್ಟಿಗೊಂದು ಚೌಕ ಇತ್ತು. ಹುಡುಗ ಅಲ್ಲೇ ನನ್ನ ಮೇಜಿನ ಮೇಲೆ ಸಹಿ ಹಾಕಿದ. ಹೆಬ್ಬೆಟ್ಟಿಗೆ ಸ್ಟಾಂಪ್ ಪ್ಯಾಡ್ ಕೊಟ್ಟವನು ನಾನೇ! ದುಡ್ಡು ಬೇಡ ಹೋಗಪ್ಪ, ಒಳ್ಳೆಯದಾಗಲಿ ಎಂದು ಕಳಿಸಿದೆ.

ಬೆಳಿಗ್ಗೆ ಪರೀಕ್ಷಾ ಕೇಂದ್ರದಲ್ಲಿ ಆ ಕಾಗದವನ್ನು ಅವನ ಮುಖಕ್ಕೆ ಹಿಡಿದು ಹಿಂದಿಯಲ್ಲಿ ಏನೋ ಬೈದರಂತೆ. ಸಹಿ, ಹೆಬ್ಬೆಟ್ಟು ಎರಡನ್ನೂ ಒಳಗೆ ಮೇಲ್ವಿಚಾರಕರ ಎದುರಿನಲ್ಲೇ ಹಾಕಬೇಕಿತ್ತು, ಹೊಸ ಪ್ರಿಂಟ್ ತೆಗೆದುಕೊಂಡು ಬಾ ಎಂದರು ಎಂಬುದು ಅವನಿಗೆ ಅರ್ಥವಾಗುವ ಹೊತ್ತಿಗೇ ಹತ್ತು ನಿಮಿಷ ಹೋಗಿತ್ತು. ಭಾನುವಾರ, ಜೆರಾಕ್ಸ್ ಅಂಗಡಿಗಳು ಮುಚ್ಚಿದ್ದವು. ಎಲ್ಲೋ ಒಂದು ಕಡೆ ಪ್ರಿಂಟ್ ಸಿಕ್ಕಿ ಓಡಿ ಬಂದರೆ ಗೇಟ್ ಮುಚ್ಚಿತ್ತು. ಎರಡು ವರ್ಷ ಗ್ಯಾರೇಜಿನಲ್ಲಿ ದುಡಿದು, ರಾತ್ರಿ ಓದಿದ್ದು ಗೇಟಿನ ಹೊರಗೇ ಉಳಿಯಿತು.

ಆಮೇಲೆ ನಾನು ಆ ಹಾಲ್ ಟಿಕೆಟ್ಟಿನ ಪ್ರತಿ ಹುಡುಕಿ ನೋಡಿದೆ. ಸೂಚನೆ ಇತ್ತು. ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಎರಡನೇ ಪುಟದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ, ಒಮ್ಮೆ ಇಂಗ್ಲಿಷಿನಲ್ಲಿ, ಇನ್ನೊಮ್ಮೆ ಹಿಂದಿಯಲ್ಲಿ. ನಾನು ಪಿಯುಸಿ ಓದಿದವನು. ಇಪ್ಪತ್ತೈದು ವರ್ಷದಿಂದ ಪ್ರೂಫ್ ನೋಡುತ್ತಿರುವವನು. ನನ್ನ ಕಣ್ಣಿಗೇ ಅದು ಬೀಳಲಿಲ್ಲ. ಇನ್ನು ಕನ್ನಡ ಶಾಲೆಯಲ್ಲಿ ಓದಿದ ಆ ಹುಡುಗನದೇನು ತಪ್ಪು?

ತಮಾಷೆ ನೋಡಿ. ಆ ಪರೀಕ್ಷೆಯ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇತ್ತು! ಅದು ಯಾರೂ ದಾನ ಕೊಟ್ಟಿದ್ದಲ್ಲ, ಕೂಗಿ ಕೂಗಿ ಪಡೆದದ್ದು. 2021ರ ಜುಲೈನಲ್ಲಿ ಬ್ಯಾಂಕ್ ಕ್ಲರ್ಕ್ ಪರೀಕ್ಷೆಯ ಅಧಿಸೂಚನೆ ಇಂಗ್ಲಿಷ್, ಹಿಂದಿ ಎರಡೇ ಭಾಷೆಗೆ ಬಂದಾಗ ಕರ್ನಾಟಕ ಗದ್ದಲ ಎಬ್ಬಿಸಿತು, ಹಣಕಾಸು ಸಚಿವಾಲಯ ಅದನ್ನು ತಡೆಹಿಡಿಯಿತು. ಅದೇ ಸೆಪ್ಟೆಂಬರ್ ಕೊನೆಗೆ, ಪೂರ್ವಭಾವಿ, ಮುಖ್ಯ ಎರಡೂ ಪರೀಕ್ಷೆ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಯಲಿ ಎಂದಿತು. 2023ರಲ್ಲಿ ಸ್ಟಾಫ್ ಸೆಲೆಕ್ಷನ್ ಕಮಿಷನ್‌ನ ಎಂಟಿಎಸ್ ಪರೀಕ್ಷೆಗೆ ಕನ್ನಡ ಬಂತು. 2024ರಲ್ಲಿ ಕೇಂದ್ರ ಸಶಸ್ತ್ರ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆಗೂ ಬಂತು. ರೈಲ್ವೆಯಲ್ಲಿ ಅದಕ್ಕೂ ಮೊದಲೇ ಇತ್ತು.

ಹಾಗಾದರೆ ಒಳಗೆ ಕನ್ನಡ, ಬಾಗಿಲಲ್ಲಿ ಮಾತ್ರ ಇಂಗ್ಲಿಷ್-ಹಿಂದಿ ಎಂದರೆ ಇದೆಂಥ ನ್ಯಾಯ ಸ್ವಾಮಿ? ಊಟಕ್ಕೆ ಕರೆದು, ಬಾಗಿಲಿಗೆ ಅಗುಳಿ ಹಾಕಿದ ಹಾಗೆ.

ಕೇಳಿದರೆ ರಾಜಭಾಷಾ ನಿಯಮ ತೋರಿಸುತ್ತಾರೆ. ಸರಿ, ನೋಡೋಣ. 1976ರ ರಾಜಭಾಷಾ ನಿಯಮಗಳಲ್ಲಿ ಕರ್ನಾಟಕ 'ಗ' ವಲಯದಲ್ಲಿದೆ. ಕೇಂದ್ರ ಕಚೇರಿಯ ಕೈಪಿಡಿ, ಫಾರಂಗಳು ಹಿಂದಿ ಮತ್ತು ಇಂಗ್ಲಿಷ್ ಎರಡರಲ್ಲೂ ಇರಬೇಕು ಎನ್ನುತ್ತದೆ 11ನೇ ನಿಯಮ. ಜೊತೆಗೆ ಮೂರನೆಯದೊಂದನ್ನು ಸೇರಿಸಬಾರದು ಎಂದು ಎಲ್ಲಿ ಬರೆದಿದೆ? ಅಂದ ಹಾಗೆ, ಈ ನಿಯಮಗಳು ತಮಿಳುನಾಡಿಗೆ ಅನ್ವಯಿಸುವುದಿಲ್ಲ ಎಂದು ಮೊದಲನೇ ನಿಯಮದಲ್ಲೇ ಇದೆ. ಅವರು ಹೇಗೆ ದಕ್ಕಿಸಿಕೊಂಡರು ಎಂಬುದನ್ನು ನಮ್ಮ ಸಂಸದರು ಬಿಡುವಾದಾಗ ಯೋಚಿಸಲಿ.

ಇನ್ನು ಹೆಸರಿನ ಗೋಳು. ದಿಲ್ಲಿಯ ಫಾರಂ ಮೊದಲ ಹೆಸರು, ಮಧ್ಯದ ಹೆಸರು, ಕೊನೆಯ ಹೆಸರು ಎಂದು ಕೇಳುತ್ತದೆ. ನಮ್ಮಲ್ಲಿ ಊರಿನ ಹೆಸರು, ಅಪ್ಪನ ಹೆಸರು ಒಂದೊಂದು ಅಕ್ಷರವಾಗಿ ಇನಿಷಿಯಲ್ಲಿನಲ್ಲಿ ಕುಳಿತಿರುತ್ತವೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಒಂದು ಅಕ್ಷರ, ಆಧಾರ್‌ನಲ್ಲಿ ಪೂರ್ತಿ ಅಪ್ಪನ ಹೆಸರು, ಹಾಲ್ ಟಿಕೆಟ್ಟಿನಲ್ಲಿ ಇನ್ನೊಂದು. ಕಾಲ್ ಲೆಟರ್‌ನ ಹೆಸರಿಗೂ ಗುರುತಿನ ಚೀಟಿಯ ಹೆಸರಿಗೂ ತಾಳೆ ಆಗಲೇಬೇಕು ಎನ್ನುತ್ತದೆ ಬ್ಯಾಂಕ್ ಪರೀಕ್ಷೆಯ ಷರತ್ತು. ಮದುವೆಯಾಗಿ ಹೆಸರು ಬದಲಿಸಿಕೊಂಡ ಹೆಣ್ಣುಮಕ್ಕಳು ಅದಕ್ಕೆ ಗೆಜೆಟ್ ಪ್ರಕಟಣೆ, ವಿವಾಹ ಪ್ರಮಾಣಪತ್ರ ಅಥವಾ ಅಫಿಡವಿಟ್ ತರಬೇಕು. ರೇಷನ್ ಕಾರ್ಡ್ ನಡೆಯುವುದಿಲ್ಲ, ಎಲ್‌ಎಲ್ಲೂ ನಡೆಯುವುದಿಲ್ಲ. ಇದನ್ನೆಲ್ಲ ಕನ್ನಡದಲ್ಲಿ ಅಚ್ಚು ಹಾಕಿದರೆ ಎಷ್ಟು ಮಸಿ ಖರ್ಚಾಗುತ್ತದೆ?

ಇದಕ್ಕಿಂತ ದೊಡ್ಡ ಅವಮಾನ ಒಂದಿದೆ. ಬ್ಯಾಂಕ್ ಪರೀಕ್ಷೆಗೆ ಅರ್ಜಿ ಹಾಕುವಾಗ, ನಾನು ಕೊಟ್ಟ ಮಾಹಿತಿಯೆಲ್ಲ ಸತ್ಯ ಎಂದು ಸ್ವಂತ ಕೈಬರಹದಲ್ಲಿ ಬರೆದು ಏರಿಸಬೇಕು. ಅದು ಇಂಗ್ಲಿಷಿನಲ್ಲೇ ಇರಬೇಕು! ಕನ್ನಡ ಓದಲು ಬರೆಯಲು ಬರಬೇಕು ಎಂಬ ಷರತ್ತಿರುವ, ಕರ್ನಾಟಕದ ಶಾಖೆಯಲ್ಲಿ ಕೂರುವ ಕ್ಲರ್ಕ್ ಹುದ್ದೆಗೂ ಇದೇ. ಕನ್ನಡದಲ್ಲಿ ಬರೆದ ಸತ್ಯ ಸತ್ಯವಲ್ಲವೇ?

ಬರೀ ದಿಲ್ಲಿಯನ್ನು ಬೈದರೆ ಸಾಲದು. ನಮ್ಮ ಮನೆಯ ದೋಸೆಯೂ ತೂತೇ. 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳಿಗೆ 2024ರ ಆಗಸ್ಟ್ 27ರಂದು ಕೆಪಿಎಸ್‌ಸಿ ನಡೆಸಿದ ಪರೀಕ್ಷೆಯಲ್ಲಿ ಕನ್ನಡ ಅನುವಾದ ಕೆಟ್ಟು ಕೆರ ಹಿಡಿದಿತ್ತು. ಮುಖ್ಯಮಂತ್ರಿಗಳೇ ಮರುಪರೀಕ್ಷೆಗೆ ಹೇಳಬೇಕಾಯಿತು. ಡಿಸೆಂಬರ್ 29ರ ಮರುಪರೀಕ್ಷೆಯಲ್ಲೂ ಅದೇ ರಾಗ. ಮೇಲೆ ಕೆಲವು ಕೇಂದ್ರಗಳಲ್ಲಿ ಒಎಂಆರ್ ಹಾಳೆಯ ನಂಬರಿಗೂ ಹಾಲ್ ಟಿಕೆಟ್ ನಂಬರಿಗೂ ತಾಳೆಯಾಗದೆ ಅಭ್ಯರ್ಥಿಗಳು ಬೀದಿಗೆ ಬಂದರು. ನಮ್ಮ ಕಸುಬಿನಲ್ಲಿ ಬಿಲ್ ಪುಸ್ತಕಕ್ಕೆ ನಂಬರ್ ಹೊಡೆಯುವಾಗ ಒಂದು ಅಂಕಿ ತಪ್ಪಿದರೂ ಗಿರಾಕಿ ಇಡೀ ಕಟ್ಟನ್ನು ವಾಪಸ್ ಎಸೆಯುತ್ತಾನೆ. ಇವರಿಗೆ ಯಾರು ಎಸೆಯಬೇಕು?

ಬಿಗಿ ತಪಾಸಣೆ ಬೇಡ ಎಂದು ನಾನು ಹೇಳುವುದಿಲ್ಲ. 2021ರ ಪಿಎಸ್‌ಐ ಪರೀಕ್ಷೆಯ 545 ಹುದ್ದೆಗಳ ಹಗರಣ, 2023ರ ಅಕ್ಟೋಬರ್‌ನಲ್ಲಿ ಕಲಬುರಗಿ, ಯಾದಗಿರಿ ಕಡೆ ಸಿಕ್ಕಿಬಿದ್ದ ಬ್ಲೂಟೂತ್ ಕಳ್ಳರು ನೆನಪಿದ್ದಾರೆ. ಅದಾದ ಮೇಲೆಯೇ ಅದೇ ನವೆಂಬರ್‌ನ ಪರೀಕ್ಷೆಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ತುಂಬುತೋಳಿನ ಅಂಗಿ ಬೇಡ, ತಾಳಿ, ಕಾಲುಂಗುರ ಬಿಟ್ಟು ಬೇರೆ ಒಡವೆ ಬೇಡ ಎಂದದ್ದು. ಕಳ್ಳರನ್ನು ಹಿಡಿಯಲಿ. ಆದರೆ ನಿಯಮ ಬಿಗಿಯಾದಷ್ಟೂ ಅದು ಓದುವವನ ಭಾಷೆಯಲ್ಲಿರಬೇಕು. ಗೇಟಿನಲ್ಲಿ ಅಂಗಿಯ ತೋಳು ಕತ್ತರಿಸಿದ ಮೇಲೆ ಅರ್ಥ ಹೇಳಿದರೆ ಏನು ಬಂತು?

ಓದುಗರ ಮನೆಯಲ್ಲಿ ಪರೀಕ್ಷೆ ಬರೆಯುವವರಿದ್ದರೆ ಇಷ್ಟು ಹೇಳಿ. ರೈಲ್ವೆಯಲ್ಲಿ ಹತ್ತು ದಿನ ಮುಂಚೆ ಬರುವುದು ಊರು ಯಾವುದು ಎಂದು ತಿಳಿಸುವ ಚೀಟಿ, ಅದು ಹಾಲ್ ಟಿಕೆಟ್ ಅಲ್ಲ. ಅದನ್ನೇ ಹಿಡಿದುಕೊಂಡು ಹೋಗಿ ವಾಪಸ್ ಬಂದವರಿದ್ದಾರೆ. ನಿಜವಾದ ಇ-ಕಾಲ್ ಲೆಟರ್ ಬರುವುದು ನಾಲ್ಕು ದಿನ ಮುಂಚೆ. ಪರಿಶಿಷ್ಟ ಜಾತಿ, ಪಂಗಡದವರು ಅರ್ಜಿಯಲ್ಲಿ ಕೇಳಿಕೊಂಡಿದ್ದರೆ ಸ್ಲೀಪರ್ ದರ್ಜೆಯ ಉಚಿತ ಪ್ರಯಾಣ ಪತ್ರವೂ ಊರಿನ ಚೀಟಿಯ ಹೊತ್ತಿಗೇ ಸಿಗುತ್ತದೆ. ಗೊತ್ತಿಲ್ಲದೆ ಕೈಯಿಂದ ದುಡ್ಡು ಕೊಟ್ಟು ಹೋಗುವವರೇ ಹೆಚ್ಚು. ಕೊನೆಯ ರಾತ್ರಿಯವರೆಗೆ ಕಾಯಬೇಡಿ, ಎರಡು ಪ್ರತಿ ತೆಗೆಸಿ. ಅರ್ಜಿಗೆ ಹಾಕಿದ ಫೋಟೋವನ್ನೇ ಇನ್ನೊಂದೆರಡು ಇಟ್ಟುಕೊಳ್ಳಿ. ಗುರುತಿನ ಚೀಟಿ ಅಸಲಿಯೇ ಬೇಕು. ಖಾಲಿ ಬಿಟ್ಟ ಜಾಗದಲ್ಲಿ ಮನೆಯಲ್ಲಿ ಪೆನ್ನು ಆಡಿಸಬೇಡಿ. ಸ್ಟಾಂಪ್ ಪ್ಯಾಡ್ ಯಾರೇ ಕೊಟ್ಟರೂ ಮುಟ್ಟಬೇಡಿ, ನಾನು ಕೊಟ್ಟರೂ.

ರೈಲ್ವೆ, ಸ್ಟಾಫ್ ಸೆಲೆಕ್ಷನ್ ಹಾಲ್ ಟಿಕೆಟ್ಟುಗಳ ಸೂಚನೆಗಳನ್ನು ಇಬ್ಬರು ಮೇಷ್ಟ್ರುಗಳನ್ನು ಕೂರಿಸಿಕೊಂಡು ಕನ್ನಡಕ್ಕೆ ಇಳಿಸಿದೆವು. ಒಂದೇ ಸಂಜೆ ಸಾಕಾಯಿತು. ಎರಡು ಸಲ ಪ್ರೂಫ್ ನೋಡಿ, ಒಂದು ಹಾಳೆಯ ಎರಡೂ ಮಗ್ಗುಲಿಗೆ ಅಚ್ಚು ಹಾಕಿದ್ದೇನೆ. ಅದರ ಒಂದು ಪ್ರತಿ, ಇದನ್ನೇ ನಿಮ್ಮ ಹಾಲ್ ಟಿಕೆಟ್ಟಿನ ಹಿಂದೆ ಮುದ್ರಿಸಿ ಎಂಬ ಪತ್ರದ ಜೊತೆ ಬೆಂಗಳೂರಿನ ರೈಲ್ವೆ ನೇಮಕಾತಿ ಮಂಡಳಿಗೆ ಹೋಗಿದೆ. ಇನ್ನೊಂದು ಕೋರಮಂಗಲದ ಕೇಂದ್ರೀಯ ಸದನದಲ್ಲಿರುವ ಸ್ಟಾಫ್ ಸೆಲೆಕ್ಷನ್ ಕಚೇರಿಗೆ ಹೋಗಿದೆ. ಎರಡಕ್ಕೂ ಕನ್ನಡದಲ್ಲೇ ಬರೆದಿದ್ದೇವೆ. ಉತ್ತರ ಬಂದ ದಿನ ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ. ಅಲ್ಲಿಯವರೆಗೆ ಹಾಳೆ ಬೇಕಾದವರು ಪ್ರೆಸ್ಸಿಗೆ ಬಂದು ಒಯ್ಯಿರಿ, ದುಡ್ಡಿಲ್ಲ. ಆ ಗ್ಯಾರೇಜಿನ ಹುಡುಗ ಆಗಲೇ ಐವತ್ತು ಪ್ರತಿ ತೆಗೆದುಕೊಂಡು ಹೋಗಿ ಬಸ್ ಸ್ಟ್ಯಾಂಡಿನಲ್ಲಿ ಹಂಚಿದ್ದಾನೆ.