ರಿವಾಲ್ವರಿನ ಹಿಡಿ ಮತ್ತು ದೊಡ್ಡಪ್ಪನ ಕೈ

ಕಳೆದ ವಾರ ಕಳಸದ ಕಡೆ ದೊಡ್ಡಪ್ಪನ ತೋಟಕ್ಕೆ ಹೋಗಿದ್ದೆ. ಊಟ ಮುಗಿಸಿ ಎಲೆಅಡಿಕೆ ಹಾಕ್ಕೊಂಡು ಕೂತಿದ್ದಾಗ ಅವರು ಒಳಗಿಂದ ಒಂದು ಬಟ್ಟೆ ಗಂಟು ತಂದು ಮೇಜಿನ ಮೇಲಿಟ್ಟರು. ಬಿಚ್ಚಿದರೆ ಅವರ ಹಳೇ ಪಾಯಿಂಟ್ ಮೂವತ್ತೆರಡು ರಿವಾಲ್ವರ್! ತೋಟೆ ಮೊದಲೇ ತೆಗೆದಿಟ್ಟಿದ್ದರು.

"ಇದರ ಹಿಡಿ ಸೀಳಿದೆ ಮಾರಾಯ. ಇಂಟರ್‌ನೆಟ್ಟಲ್ಲಿ ನೋಡಿ ಒಂದು ಒಳ್ಳೇದು ಹುಡುಕಿಕೊಡು" ಅಂದರು.

ನಮ್ಮ ಕಡೆ ಕೋವಿ ಅಂದರೆ ಹೊಸ ವಿಷಯ ಏನಲ್ಲ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಎಷ್ಟೋ ಮನೆಗಳಲ್ಲಿ ಬೆಳೆ ಕಾಯೋಕೆ ಅಂತ ಲೈಸೆನ್ಸ್ ಪಡೆದ ಒಂದು ನಳಿಗೆಯ ಕೋವಿ ಇರುತ್ತೆ. ಚುನಾವಣೆ ಬಂದರೆ ಠಾಣೆಗೆ ಒಪ್ಪಿಸು, ಮುಗಿದ ಮೇಲೆ ವಾಪಸ್ ತಾ ಅನ್ನೋ ಗೋಳೂ ಎಲ್ಲರಿಗೂ ಗೊತ್ತು. ಕೊಡಗಿನ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿ ನಮಗಿಲ್ಲ. ಆದರೆ ರಿವಾಲ್ವರ್ ಮಾತು ಬೇರೆ. ಅದು ಹಂದಿ ಓಡಿಸೋಕಲ್ಲ, ಮನುಷ್ಯರಿಗೆ ಹೆದರಿ ಇಟ್ಟುಕೊಳ್ಳೋದು. ಬಟವಾಡೆ ದಿನ ಬ್ಯಾಂಕಿನಿಂದ ಚೀಲದಲ್ಲಿ ದುಡ್ಡು ತರುತ್ತಿದ್ದ ಕಾಲದಲ್ಲಿ ದೊಡ್ಡಪ್ಪ ಅದನ್ನ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗ್ತಿದ್ದರು.

ಸರಿ, ಹುಡುಕಿದೆ. ಓದಿದ ಮೇಲೆ ನನಗನ್ನಿಸಿದ್ದನ್ನ ಬರೀತೀನಿ.

ಮೊದಲನೆಯದು, ಹಿಡಿ ಅನ್ನೋದು ಅಲಂಕಾರ ಅಲ್ಲ. ಸಣ್ಣ ರಿವಾಲ್ವರಿನ ಹಿಡಿ ಎಷ್ಟು ಗಿಡ್ಡ ಅಂದರೆ ಕಿರುಬೆರಳಿಗೆ ಜಾಗವೇ ಇರಲ್ಲ, ಅದು ಕೆಳಗೆ ನೇತಾಡುತ್ತೆ. ಉದ್ದದ ಹಿಡಿ ಹಾಕಿದರೆ ಬೆರಳಿಗೆಲ್ಲ ಜಾಗ ಸಿಗುತ್ತೆ, ಆದರೆ ಅಂಗಿಯೊಳಗಿಂದ ಉಬ್ಬಿ ಕಾಣುತ್ತೆ. ದಪ್ಪ ಹಿಡಿ ಒದೆತವನ್ನ ಅಂಗೈ ತುಂಬ ಹಂಚುತ್ತೆ, ಆದರೆ ಬೆರಳು ಟ್ರಿಗರಿಗೆ ಸರಿಯಾಗಿ ತಲುಪಲ್ಲ. ಒಂದು ಸಿಕ್ಕರೆ ಇನ್ನೊಂದು ಇಲ್ಲ.

ಬಂದೂಕು ಹಗುರ ಆದಷ್ಟೂ ಒದೆತ ಜಾಸ್ತಿ ಅನ್ನೋದೂ ನೆನಪಿರಲಿ. 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ 'ನಿರ್ಭೀಕ್' ಅಂತ ಸುಮಾರು ಅರ್ಧ ಕೆಜಿಯ ರಿವಾಲ್ವರ್ ತಂದಿತು, ಹೆಂಗಸರ ಕೈಚೀಲಕ್ಕೆ ಅಂತ. 2023ರಲ್ಲಿ ಬಂದ 'ಪ್ರಬಲ್' ಸುಮಾರು 700 ಗ್ರಾಂ. ಎರಡಕ್ಕೂ ಅದೇ ಮೂವತ್ತೆರಡರ ತೋಟೆ. ಹಗುರ ಇರುವುದನ್ನ ಹೊರೋದು ಸುಲಭ, ಹಾರಿಸೋದಲ್ಲ. ಇನ್ನೊಂದು ಸಂಗತಿ. ನಿರ್ಭೀಕ್, ದೊಡ್ಡಪ್ಪನದು ಎಲ್ಲ ನಡುವೆ ಮುರಿದು ತೋಟೆ ತುಂಬುವಂಥವು. ಪ್ರಬಲ್‌ನಲ್ಲಿ ಸಿಲಿಂಡರ್ ಪಕ್ಕಕ್ಕೆ ಹೊರಳುತ್ತೆ. ಅಂಥದ್ದಕ್ಕೆ ಎಡಗಡೆಯ ಹಿಡಿ ದಪ್ಪ ಹಾಕಿದರೆ ಖಾಲಿ ತೋಟೆ ಹೊರಗೆ ಬೀಳುವಾಗ ತಡೆಯುತ್ತೆ.

ಯಾವ ವಸ್ತು ಅಂತ ಕೇಳಿದರೆ ನನ್ನ ಓಟು ಮರಕ್ಕೇ. ರಬ್ಬರ್ ಮೆತ್ತಗಿರುತ್ತೆ, ಒದ್ದೆ ಕೈಯಲ್ಲಿ ಜಾರಲ್ಲ, ನಿಜ. ಆದರೆ ಅದೇ ಗುಣದಿಂದ ಅಂಗಿ ಬಟ್ಟೆಗೂ ಅಂಟಿಕೊಳ್ಳುತ್ತೆ. ಅಡಗಿಸಿ ಒಯ್ಯುವ ಆಯುಧ ತೆಗೆಯುವಾಗ ಬಟ್ಟೆ ಸಿಕ್ಕಿಕೊಂಡರೆ ಅದು ಯಾರಿಗೆ ಅಪಾಯ ಹೇಳಿ? ಬೆರಳಿಗೆ ಕಚ್ಚು ಮಾಡಿದ ಹಿಡಿಗಳಂತೂ ಮಾಡಿದವನ ಬೆರಳಿಗೆ ಮಾತ್ರ ಸರಿ :-) ನಯವಾದ ಮರಕ್ಕೆ ಎಣ್ಣೆ ಸವರಿ ಇಟ್ಟರೆ ನಮ್ಮ ಮಳೆಗಾಲವನ್ನೂ ತಡೆಯುತ್ತೆ. ಸ್ಕ್ರೂ ಮಾತ್ರ ಬಿಗಿ ಮಾಡಬೇಡಿ. ಮಳೆಯಲ್ಲಿ ಮರ ಉಬ್ಬುತ್ತೆ, ಆಗ ಸೀಳೋದು ಅಲ್ಲೇ. ದೊಡ್ಡಪ್ಪನದೂ ಅಲ್ಲೇ ಸೀಳಿತ್ತು.

"ಅಟ್ಟದ ಮೇಲೆ ಕಡವೆ ಕೊಂಬಿದೆಯಲ್ಲ, ಅದರಲ್ಲೇ ಮಾಡಿಸಿದರೆ?" ಅಂತ ಕೇಳಿದರು. ನಾನು ಕೈ ಮುಗಿದೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಕೊಂಬು, ದಂತ ಎಲ್ಲ ಅಪ್ಪನ ಕಾಲದ್ದು ಅಂದರೆ ನಡೆಯಲ್ಲ. 2023ರ ಅಕ್ಟೋಬರ್‌ನಲ್ಲಿ ಹುಲಿಯುಗುರಿನ ಗಲಾಟೆ ಆದಾಗ ಎಷ್ಟು ಮನೆಗಳಲ್ಲಿ ನಿದ್ದೆ ಕೆಟ್ಟಿತ್ತು ಅನ್ನೋದು ಮರೆತುಹೋಯ್ತಾ? ಊರ ಆಚಾರಿ ಹತ್ತಿರ ಮಾಡಿಸೋ ಯೋಚನೆಯೂ ಬೇಡ. 1959ರ ಆಯುಧ ಕಾಯ್ದೆ ಪ್ರಕಾರ ಕೋವಿ ರಿಪೇರಿಗೂ ಲೈಸೆನ್ಸ್ ಇರಬೇಕು. ಲೈಸೆನ್ಸ್ ಇರುವ ಕೋವಿ ಅಂಗಡಿಗೇ ಹೋಗೋದು ಕ್ಷೇಮ.

ಇಷ್ಟೆಲ್ಲ ಹೇಳಿ, ಖಾಲಿ ಇರೋದನ್ನ ಇನ್ನೊಮ್ಮೆ ನೋಡಿಕೊಂಡು, "ಒಂದ್ಸಲ ಹಿಡಿದು ತೋರಿಸಿ ದೊಡ್ಡಪ್ಪ, ಅಳತೆ ನೋಡ್ತೀನಿ" ಅಂದೆ.

ಹಿಡಿದರು. ಕೈ ನಡುಗುತ್ತಿತ್ತು. ಗೋಡೆ ಕಡೆ ಮುಖ ಮಾಡಿ ಟ್ರಿಗರ್ ಎಳೆಯೋಕೆ ಹೋದರೆ ಒಂದು ಬೆರಳಿಂದ ಆಗಲಿಲ್ಲ. ಎರಡು ಬೆರಳು ಸೇರಿಸಿದರು, ನಳಿಗೆ ಕೆಳಕ್ಕೆ ಜಗ್ಗಿ ಅವರ ಮೊಣಕಾಲ ಹತ್ತಿರ ಬಂತು. ನಾವಿಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ನನ್ನ ಅಭಿಪ್ರಾಯ ಬದಲಾಗಿದ್ದು ಅಲ್ಲಿ. 2016ರ ಆಯುಧ ನಿಯಮಗಳಲ್ಲಿ ಒಂದು ಮಾತಿದೆ. ಸಾರ್ವಜನಿಕ ಜಾಗದಲ್ಲಿ ಆಯುಧ ಪೂರ್ತಿ ಮುಚ್ಚಿರಬೇಕು, ಒಯ್ಯುವವನಿಗೆ ಅದರ ಮೇಲೆ ಸರಿಯಾದ ಹತೋಟಿ ಇರಬೇಕು ಅಂತ. ನಾವೆಲ್ಲ ಮುಚ್ಚೋ ಬಗ್ಗೆಯೇ ಯೋಚಿಸ್ತೀವಿ. ಹತೋಟಿ? ಹಿಡಿ ಅನ್ನೋದು ಕೈಯ ಶಕ್ತಿಯನ್ನ ಬಂದೂಕಿಗೆ ಮುಟ್ಟಿಸುತ್ತೆ ಅಷ್ಟೇ. ಇಲ್ಲದ ಶಕ್ತಿಯನ್ನ ಯಾವ ಬೀಟೆ ಮರವೂ ಕೊಡಲ್ಲ.

ಇನ್ನು ಹೆದರಿಕೆ ಯಾರದು? ಬಟವಾಡೆ ಈಗ ಬಹುಪಾಲು ಫೋನಿನಲ್ಲೇ ಹೋಗುತ್ತೆ. ಇವತ್ತು ತೋಟದಲ್ಲಿ ನಿಜವಾದ ಹೆದರಿಕೆ ಆನೆಯದ್ದು. 2022ರ ನವೆಂಬರ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಕುಂದೂರಿನಲ್ಲಿ ಆನೆ ದಾಳಿಗೆ ಹೆಣ್ಣುಮಗಳೊಬ್ಬಳು ಸತ್ತಾಗ ಜನ ಶಾಸಕರ ಮೇಲೇ ತಿರುಗಿಬಿದ್ದಿದ್ದರು. ಆ ಆನೆಯ ಮುಂದೆ ಈ ಮೂವತ್ತೆರಡು ಏನು ಮಾಡೀತು? ಸಿಟ್ಟು ಬರಿಸೀತು ಅಷ್ಟೇ.

"ಹಿಡಿ ಬೇಡ ದೊಡ್ಡಪ್ಪ, ಅಂಗಡಿಗೆ ಕೊಟ್ಟುಬಿಡೋಣ, ಲೈಸೆನ್ಸ್ ಒಪ್ಪಿಸೋಣ" ಅಂದೆ. ಸಿಟ್ಟು ಬಂತು ಅವರಿಗೆ. "ನನಗೆ ವಯಸ್ಸಾಯ್ತು ಅಂತ ಹೇಳೋಕೆ ಇಷ್ಟುದ್ದ ಭಾಷಣ ಬೇಕಿತ್ತಾ?" ಅಂತ ಗಂಟು ಕಟ್ಟಿಕೊಂಡು ಒಳಗೆ ಹೋದರು.

ಹೊರಡುವಾಗ ಮಾತ್ರ ಗೇಟಿನ ತನಕ ಬಂದು, "ಮುಂದಿನ ವಾರ ಕಾರು ತಗೊಂಡು ಬಾ, ಚಿಕ್ಕಮಗಳೂರಿಗೆ ಹೋಗೋಣ" ಅಂದರು. ಯಾಕೆ ಅಂತ ನಾನು ಕೇಳಲಿಲ್ಲ. ಹಿಡಿ ಹಾಕಿಸೋಕೋ, ಕೊಟ್ಟು ಬರೋಕೋ ಅವರೇ ಹೇಳಲಿ.

ನಿಮ್ಮ ಮನೆಗಳಲ್ಲೂ ಇಂಥ ಗಂಟುಗಳಿದ್ದರೆ ಒಮ್ಮೆ ಬಿಚ್ಚಿ ನೋಡಿ. ಹಿಡಿಯನ್ನಲ್ಲ, ಹಿಡಿಯುವ ಕೈಯನ್ನ. ಏನಂತೀರಿ?